ಸೇಲಿಷ್ ಸಮುದ್ರದ ಓರ್ಕಾಗಳೂ ರಾಜಧರ್ಮವೂ



ನಮ್ಮ ನಾಡಿನ ಕಾಡು ನದಿಗಳನ್ನು ಬಿಟ್ಟು, ಭೂಗೋಳದ ಮತ್ತೊಂದು ಮಗ್ಗುಲಿನಲ್ಲಿರುವ ಒಂದು ಶೀತಲ ಸಮುದ್ರದ ವಿಚಾರವನ್ನು ನಾನು ಈ ಸಂಜೆಗೆ ಎತ್ತಿಕೊಂಡುದೇಕೆಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಒಂದು ಪ್ರಾಣಿಸಮೂಹದ ಪ್ರತಿಯೊಂದು ಜೀವಕ್ಕೂ ಹೆಸರಿಟ್ಟು, ಅದರ ತಾಯಿ ಅಜ್ಜಿಯರ ವಂಶಾವಳಿಯನ್ನು ಬರೆದಿರಿಸಿ, ಹುಟ್ಟುಸಾವುಗಳನ್ನು ಅರ್ಧ ಶತಮಾನದಿಂದ ತಪ್ಪದೆ ಲೆಕ್ಕವಿಟ್ಟು, ಎರಡು ಸಂಪನ್ನ ರಾಷ್ಟ್ರಗಳು ಅದನ್ನು ಉಳಿಸಿಕೊಳ್ಳಲು ಶಾಸನಬದ್ಧವಾಗಿ ಪಣತೊಟ್ಟಿರುವ ನಿದರ್ಶನ ಲೋಕದಲ್ಲಿ ವಿರಳ. ಜ್ಞಾನಕ್ಕೆ ಅಲ್ಲಿ ಕೊರತೆಯಿಲ್ಲ, ಧನಕ್ಕೆ ಕೊರತೆಯಿಲ್ಲ, ಜನರ ಪ್ರೀತಿಗಂತೂ ಕೊರತೆಯೇ ಇಲ್ಲ. ಆದರೂ ಆ ಸಮೂಹ ಚೇತರಿಸಿಕೊಂಡಿಲ್ಲ. ಏಕೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದರಿಂದ, ಅದನ್ನು ತಮ್ಮ ಮುಂದೆ ಇರಿಸಲು ಬಯಸಿದ್ದೇನೆ.

ಮೊದಲು ಹೆಸರಿನ ವಿಚಾರ. ಸಂಸ್ಕೃತದಲ್ಲಿ ತಿಮಿಯೆಂದರೆ ಮಹಾಮತ್ಸ್ಯ. ಅದನ್ನು ನುಂಗುವುದು ತಿಮಿಂಗಿಲ. ಆ ತಿಮಿಂಗಿಲವನ್ನೂ ನುಂಗಬಲ್ಲುದು ತಿಮಿಂಗಿಲಗಿಲ. ನಮ್ಮ ಪ್ರಾಚೀನರ ಕಲ್ಪನೆಯ ಆ ಕೊನೆಯ ಪ್ರಾಣಿಗೆ ವಾಸ್ತವಲೋಕದಲ್ಲಿ ಹತ್ತಿರವಾದುದು ಯಾವುದಾದರೂ ಇದ್ದರೆ ಅದು ಓರ್ಕಾ. ತಿಮಿಂಗಿಲಗಳನ್ನು ಹಿಂಡಾಗಿ ಬೇಟೆಯಾಡುವುದನ್ನು ಕಂಡ ಹಿಂದಿನ ನಾವಿಕರು ಅದಕ್ಕೆ ಕೊಲೆಗಾರನ ಹೆಸರನ್ನು ಅಂಟಿಸಿದರು. ಶಾಸ್ತ್ರದೃಷ್ಟಿಯಿಂದ ಅದು ಡಾಲ್ಫಿನ್ ಕುಟುಂಬದ ಅತಿದೊಡ್ಡ ಜೀವಿ. ನಾನು ಹೇಳಹೊರಟಿರುವ ಓರ್ಕಾಗಳಾದರೋ ತಿಮಿಂಗಿಲವನ್ನಾಗಲಿ ಸೀಲನ್ನಾಗಲಿ ಬಾಯಿಗೆ ಹಾಕುವುವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೂ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೂ ನಡುವೆ ದ್ವೀಪಗಳನ್ನು ಬಳಸಿ ಹರಡಿಕೊಂಡಿರುವ ಸೇಲಿಷ್ ಸಮುದ್ರದಲ್ಲಿ, ಸಾಲ್ಮನ್ ಮೀನನ್ನೇ, ಅದರಲ್ಲಿಯೂ ಚಿನೂಕ್ ಎಂಬ ದೊಡ್ಡ ಜಾತಿಯ ಸಾಲ್ಮನ್ನನ್ನೇ ಆಹಾರವಾಗಿ ಉಳ್ಳ ಇವುಗಳನ್ನು ವಿಜ್ಞಾನಿಗಳು ದಕ್ಷಿಣ ನಿವಾಸಿಗಳೆಂದು ಕರೆಯುತ್ತಾರೆ. ಅದೇ ನೀರಿನಲ್ಲಿ ಸೀಲುಗಳನ್ನು ತಿನ್ನುವ ಬೇರೊಂದು ಬಗೆಯ ಓರ್ಕಾಗಳೂ ಸಂಚರಿಸುತ್ತವೆ. ಆದರೆ ಈ ಎರಡು ಪಂಗಡಗಳು ಒಂದರೊಡನೊಂದು ಬೆರೆಯುವುದಿಲ್ಲ.

ಜೆ, ಕೆ, ಎಲ್ ಎಂಬ ಮೂರು ಕುಲಗಳಾಗಿ ಇವು ಬಾಳುತ್ತವೆ. ಮಗಳಾಗಲಿ ಮಗನಾಗಲಿ ತಾಯಿಯನ್ನು ಬಿಟ್ಟು ಹೋಗುವ ರೂಢಿಯಿಲ್ಲ. ಗಂಡು ಬೇರೆಡೆ ಕೂಡಿ ಬಂದರೂ ತಾಯಿಯ ಬಳಿಗೇ ಮರಳುತ್ತದೆ. ನಮ್ಮ ತುಳುನಾಡಿನ ಅಳಿಯಕಟ್ಟಿನ ಪರಿಚಯವುಳ್ಳವರಿಗೆ ಈ ಏರ್ಪಾಡು ಅಪರಿಚಿತವೆನಿಸದು. ಹೆರುವ ವಯಸ್ಸು ಮೀರಿದ ಅಜ್ಜಿಯರು ದಶಕಗಳ ಕಾಲ ಬದುಕಿದ್ದು, ಮೀನು ವಿರಳವಾದ ವರ್ಷಗಳಲ್ಲಿ ಮುಂದೆ ಸಾಗಿ ಕುಲಕ್ಕೆ ದಾರಿತೋರುತ್ತಾರೆಂಬುದನ್ನು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಪ್ರತಿಯೊಂದು ಕುಲಕ್ಕೂ ತನ್ನದೇ ಆದ ಧ್ವನಿಗಳ ಭಂಡಾರವುಂಟು, ಮರಿಗಳು ಅದನ್ನು ಹಿರಿಯರಿಂದ ಕಲಿಯುತ್ತವೆ. ಆ ತೀರದ ಮೂಲನಿವಾಸಿಗಳಾದ ಲಮ್ಮಿ ಜನ ಇವುಗಳನ್ನು ಅಲೆಗಳಡಿಯ ಬಂಧುಗಳೆಂದು ತಲೆಮಾರುಗಳಿಂದ ಭಾವಿಸಿಕೊಂಡು ಬಂದಿದ್ದಾರೆ.

ಸರ್ಕಾರಗಳ ಭಾವನೆ ಮೊದಲು ಇದಕ್ಕೆ ನೇರ ವಿರುದ್ಧವಾಗಿದ್ದಿತು. ಸಾಲ್ಮನ್ ಮೀನುಗಾರರ ದೂರುಗಳಿಗೆ ಕಿವಿಗೊಟ್ಟು ಕೆನಡಾದ ಮೀನುಗಾರಿಕಾ ಇಲಾಖೆ 1961ರಲ್ಲಿ ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟಾದ ಜಲಮಾರ್ಗದ ದಂಡೆಯ ಮೇಲೆ, ಓರ್ಕಾಗಳನ್ನು ಗುಂಡಿಟ್ಟು ಕೊಲ್ಲುವ ಉದ್ದೇಶದಿಂದಲೇ, ಒಂದು ಮೆಷಿನ್‌ಗನ್ನನ್ನು ನೆಲೆಗೊಳಿಸಿತು. ಅದನ್ನು ಒಮ್ಮೆಯೂ ಹಾರಿಸಲಿಲ್ಲ. 1964ರಲ್ಲಿ ವ್ಯಾಂಕೂವರಿನ ಮತ್ಸ್ಯಾಲಯ ಓರ್ಕಾದ ಪ್ರತಿಮೆಯೊಂದನ್ನು ಮಾಡಿಸಲೆಂದು, ಮಾದರಿಗಾಗಿ ಒಂದನ್ನು ಕೊಂದು ತರಲು ಶಿಲ್ಪಿಯನ್ನು ಸಟರ್ನಾ ದ್ವೀಪಕ್ಕೆ ಕಳುಹಿಸಿತು. ಈಟಿ ತಗುಲಿದ ಎಳೆಯ ಓರ್ಕಾ ಸಾಯಲಿಲ್ಲ, ಜೀವಸಹಿತ ಅದನ್ನು ಬಂದರಿಗೆ ಎಳೆದು ತಂದರು. ಮೋಬಿ ಡಾಲ್ ಎಂಬ ಹೆಸರು ಪಡೆದು ಅದು ಬದುಕಿದ್ದ ಮೂರು ತಿಂಗಳ ಸಮೀಪದ ಅವಧಿಯಲ್ಲಿ, ಕೊಲೆಗಾರನೆಂದು ತಾವು ಕೇಳಿದ್ದ ಪ್ರಾಣಿ ಮನುಷ್ಯನ ಕೈಯಿಂದ ಮೀನನ್ನು ಸಾಧುವಾಗಿ ಸ್ವೀಕರಿಸುವುದನ್ನು ಲೋಕದ ಜನ ಕಂಡರು.

ಜನರ ಭಯ ಹೋಯಿತು. ಆದರೆ ಅದರ ಸ್ಥಾನಕ್ಕೆ ಬಂದ ಅಕ್ಕರೆ ಭಯಕ್ಕಿಂತಲೂ ಘಾತಕವಾಯಿತು. ಜಲಪ್ರದರ್ಶನಶಾಲೆಗಳಿಗೆ ಓರ್ಕಾಗಳನ್ನು ಮಾರುವ ವ್ಯಾಪಾರ ಹುಟ್ಟಿಕೊಂಡಿತು. 1970ರ ಆಗಸ್ಟ್ ತಿಂಗಳಲ್ಲಿ ವಿಡ್ಬಿ ದ್ವೀಪದ ಪೆನ್ ಕೋವ್ ಎಂಬ ಕೊಲ್ಲಿಗೆ ದೋಣಿಗಳಿಂದಲೂ ವಿಮಾನದಿಂದಲೂ ಸಿಡಿಮದ್ದುಗಳಿಂದಲೂ ಹೆದರಿಸಿ ಸುಮಾರು ಎಂಬತ್ತು ಓರ್ಕಾಗಳನ್ನು ಅಟ್ಟಿ ತಂದು, ಏಳು ಮರಿಗಳನ್ನು ಬೇರ್ಪಡಿಸಿ ಮಾರಿದರು. ಬಲೆಗೆ ಸಿಕ್ಕಿ ಐದು ಮುಳುಗಿ ಸತ್ತವು; ಅವುಗಳಲ್ಲಿ ನಾಲ್ಕು ಎಳೆಯ ಮರಿಗಳು. ಸಂಗತಿ ಹೊರಬೀಳಬಾರದೆಂದು ಅವುಗಳ ಹೊಟ್ಟೆ ಸೀಳಿ ಕಲ್ಲು ತುಂಬಿ ಸಮುದ್ರದಲ್ಲಿ ಮುಳುಗಿಸಿದ್ದರು. ತಿಂಗಳುಗಳ ಮೇಲೆ ಶವಗಳು ದಡಕ್ಕೆ ಬಂದು ಸತ್ಯ ಹೊರಬಿದ್ದಿತು. ಅಂದು ಸೆರೆಯಾದವುಗಳಲ್ಲಿ ಟೋಕಿಟೇ ಎಂಬ ಹೆಣ್ಣು ಮಯಾಮಿಯ ತೊಟ್ಟಿಯೊಂದರಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಜೀವಿಸಿದ್ದು, ತನ್ನ ಸಮುದ್ರವನ್ನು ಮತ್ತೆ ಕಾಣದೆ 2023ರ ಆಗಸ್ಟ್ 18ರಂದು ಸತ್ತಿತು. ಅದರ ಚಿತಾಭಸ್ಮವನ್ನು ಲಮ್ಮಿ ಜನ ತಂದು ಸೇಲಿಷ್ ಸಮುದ್ರದಲ್ಲಿ ವಿಸರ್ಜಿಸಿದರು. ಸೆರೆಯಿಂದಲೂ ಸೆರೆಹಿಡಿಯುವಾಗ ಸಂಭವಿಸಿದ ಸಾವಿನಿಂದಲೂ ದಕ್ಷಿಣ ನಿವಾಸಿಗಳು ಕಳೆದುಕೊಂಡ ಜೀವಗಳು ನಲವತ್ತಕ್ಕೂ ಮೇಲ್ಪಟ್ಟು. ಬಹುಪಾಲು ಎಳೆಯವು, ಎಂದರೆ ಮುಂದಿನ ತಲೆಮಾರನ್ನು ಹೆರಬೇಕಾಗಿದ್ದವು.

1976ರ ಮಾರ್ಚಿಯಲ್ಲಿ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯಾದ ಬಳಿಯ ಬಡ್ ಇನ್ಲೆಟ್ ಎಂಬ ಕೊಲ್ಲಿಯಲ್ಲಿ ಇಂಥದೇ ಬೇಟೆಯೊಂದು ನಡೆಯುತ್ತಿದ್ದಾಗ, ರಾಜ್ಯಪಾಲರ ಸಹಾಯಕರಾಗಿದ್ದ ರಾಲ್ಫ್ ಮನ್ರೋ ಎಂಬವರು ಹಾಯಿದೋಣಿಯಲ್ಲಿ ವಿಹರಿಸುತ್ತ ಅದನ್ನು ಕಣ್ಣಾರೆ ಕಂಡರು. ರಾಜ್ಯವೇ ನ್ಯಾಯಾಲಯದ ಮೊರೆಹೊಕ್ಕಿತು. ಆ ರಾಜ್ಯದ ನೀರಿನಲ್ಲಿ ಓರ್ಕಾಗಳನ್ನು ಸೆರೆಹಿಡಿಯುವುದು ಅಂದಿಗೆ ಕೊನೆಗೊಂಡಿತು. ಹೊಡೆಯುವ ಕೈಯನ್ನು ಹಿಡಿದು ನಿಲ್ಲಿಸುವ ಕಾರ್ಯದಲ್ಲಿ ರಾಜಶಕ್ತಿ ಎಷ್ಟು ಶೀಘ್ರವಾಗಿ ಫಲಕಾರಿಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ತಿಳಿಯದು.

ಈ ನಡುವೆ ಕೆನಡಾ ಸರ್ಕಾರದ ನನೈಮೊ ಸಂಶೋಧನಾ ಕೇಂದ್ರದಲ್ಲಿ ಮೈಕಲ್ ಬಿಗ್ ಎಂಬ ವಿಜ್ಞಾನಿ ಓರ್ಕಾಗಳು ನಿಜವಾಗಿ ಎಷ್ಟಿವೆಯೆಂದು ಎಣಿಸಲು ತೊಡಗಿದ್ದರು. ಬೆನ್ನಿನ ರೆಕ್ಕೆಯಲ್ಲಿರುವ ಕಚ್ಚುಗಳನ್ನೂ ಅದರ ಹಿಂದಿರುವ ಬೂದುಬಣ್ಣದ ಮಚ್ಚೆಯ ಆಕಾರವನ್ನೂ ಛಾಯಾಚಿತ್ರಗಳಲ್ಲಿ ಹೋಲಿಸಿ ನೋಡಿದರೆ ಪ್ರತಿಯೊಂದು ಓರ್ಕಾವನ್ನೂ ಬೇರೆ ಬೇರೆಯಾಗಿ ಗುರುತಿಸಬಹುದೆಂದು ಅವರು ಕಂಡುಕೊಂಡರು. ಸಾವಿರಾರು ಇವೆಯೆಂದು ಊಹಿಸಿದ್ದ ಜನ, ಬ್ರಿಟಿಷ್ ಕೊಲಂಬಿಯಾದ ತೀರದಲ್ಲೆಲ್ಲ ಸೇರಿ ಕೆಲವು ನೂರು ಮಾತ್ರವೆಂದು ತಿಳಿದು ಬೆರಗಾದರು. ಅಮೆರಿಕದ ಕಡೆಯಲ್ಲಿ ಇದೇ ಕ್ರಮದಿಂದ 1976ರಲ್ಲಿ ಗಣತಿಯನ್ನು ಕೈಗೊಂಡ ಕೆನ್ ಬಾಲ್ಕಂಬ್ ತಾವು 2022ರಲ್ಲಿ ಗತಿಸುವವರೆಗೂ ಅದನ್ನು ಬಿಡಲಿಲ್ಲ. ಗಣತಿಯ ಆರಂಭದಲ್ಲಿ ದಕ್ಷಿಣ ನಿವಾಸಿಗಳು ಸುಮಾರು 71. ಸೆರೆ ನಿಂತ ಮೇಲೆ ಮೆಲ್ಲಮೆಲ್ಲನೆ ಏರಿ 1995ರಲ್ಲಿ 98ಕ್ಕೆ ಬಂದುವು. ಅಲ್ಲಿಂದ ಮುಂದೆ ಕೇವಲ ಆರು ವರ್ಷಗಳಲ್ಲಿ ಎಂಬತ್ತರ ಆಸುಪಾಸಿಗೆ ಇಳಿದುವು.

ಆಗ ಅಮೆರಿಕದ ಸಂಯುಕ್ತ ಸರ್ಕಾರ ಏನು ಮಾಡಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಳಿವಿನ ಅಂಚಿನ ಜೀವಿಗಳ ಶಾಸನದ ಪಟ್ಟಿಗೆ ಇವುಗಳನ್ನು ಸೇರಿಸಬೇಕೆಂಬ ಅರ್ಜಿಯನ್ನು 2002ರಲ್ಲಿ ಅದು ತಳ್ಳಿಹಾಕಿತು. ಲೋಕದ ಓರ್ಕಾಗಳೆಲ್ಲ ಒಂದೇ ಪ್ರಭೇದ, ಆದುದರಿಂದ ಈ ಎಂಬತ್ತು ಅಳಿದರೂ ಪ್ರಭೇದಕ್ಕೆ ಗಣನೀಯ ಹಾನಿಯಿಲ್ಲವೆಂಬುದು ಆ ವಾದದ ತಿರುಳು. 2003ರ ಕೊನೆಯಲ್ಲಿ ನ್ಯಾಯಾಲಯ ಆ ನಿರ್ಣಯವನ್ನು ಬದಿಗಿರಿಸಿ ಮರುಪರಿಶೀಲನೆಗೆ ಆಜ್ಞಾಪಿಸಿತು; 2005ರ ನವೆಂಬರಿನಲ್ಲಿ ಹೆಸರು ಪಟ್ಟಿಗೆ ಸೇರಿತು. ಇದಾದ ಎಷ್ಟೋ ವರ್ಷಗಳ ಮೇಲೆ, 2024ರಲ್ಲಿ, ವಂಶವಾಹಿಗಳನ್ನೂ ದೇಹರಚನೆಯನ್ನೂ ಪರೀಕ್ಷಿಸಿದ ವಿಜ್ಞಾನಿಗಳು ಈ ಮೀನುಭೋಜಿ ನಿವಾಸಿಗಳನ್ನೂ ಸೀಲುಭೋಜಿ ಸಂಚಾರಿಗಳನ್ನೂ ಪ್ರತ್ಯೇಕ ಪ್ರಭೇದಗಳೆಂದೇ ಪರಿಗಣಿಸಬೇಕೆಂದು ಪ್ರತಿಪಾದಿಸಿದರು. ಶಾಸ್ತ್ರದ ಅಂತಿಮ ವಾಕ್ಯಕ್ಕಾಗಿ ಕಾಯುತ್ತ ರಕ್ಷಣೆಯನ್ನು ಮುಂದೂಡುವುದು ಎಂತಹ ಅಪಾಯವೆಂಬುದು ಇದರಿಂದ ನನಗೆ ಮನದಟ್ಟಾಗಿದೆ.

ಕೆನಡಾದ ಕಥೆಯೂ ಭಿನ್ನವಲ್ಲ. 2003ರಲ್ಲಿಯೇ ಅದು ದಕ್ಷಿಣ ನಿವಾಸಿಗಳನ್ನು ತನ್ನ ಶಾಸನದ ರಕ್ಷಣೆಗೆ ಒಳಪಡಿಸಿತಾದರೂ, ಅವುಗಳ ನಿರ್ಣಾಯಕ ಆವಾಸವನ್ನು ರಕ್ಷಿಸಲು ಇರುವ ಕಾಯಿದೆಗಳೂ ಮಾರ್ಗಸೂಚಿಗಳೂ ಸಾಕೆಂದು ಹೇಳಿ ಸುಮ್ಮನಾಗಿತ್ತು. 2010ರಲ್ಲಿ ಅಲ್ಲಿಯ ಸಂಯುಕ್ತ ನ್ಯಾಯಾಲಯ, ಆವಾಸವೆಂದರೆ ನಕ್ಷೆಯ ಮೇಲೆ ಗೆರೆಯೆಳೆದ ನೀರು ಮಾತ್ರವಲ್ಲ, ಆ ನೀರಿನಲ್ಲಿ ದೊರೆಯಬೇಕಾದ ಆಹಾರ, ಅದರ ಶುದ್ಧಿ, ಅದರ ನಿಶ್ಶಬ್ದತೆ ಇವೂ ಆವಾಸದ ಅಂಗಗಳೇ, ಇವೆಲ್ಲವನ್ನೂ ಕಾನೂನಿನ ಬಲದಿಂದ ರಕ್ಷಿಸುವುದು ಮಂತ್ರಿಯ ಕರ್ತವ್ಯ ಎಂಬ ಅರ್ಥದ ತೀರ್ಪನ್ನಿತ್ತಿತು. 2012ರಲ್ಲಿ ಮೇಲ್ಮನವಿಯಲ್ಲಿಯೂ ಅದರ ಸಾರ ನಿಂತಿತು. ಒಂದು ಜೀವಿಯ ಮನೆಯೆಂದರೆ ಏನೆಂಬುದನ್ನು ಇಷ್ಟು ಸಮಗ್ರವಾಗಿ ಗ್ರಹಿಸಿದ ತೀರ್ಪುಗಳು ಹೆಚ್ಚಿಲ್ಲ.

ಆ ತೀರ್ಪಿನಲ್ಲಿ ಬರುವ ಆಹಾರ, ಶುದ್ಧಿ, ನಿಶ್ಶಬ್ದತೆಗಳೇ ಇವುಗಳ ಮೂರು ಬಾಧೆಗಳ ಮೂಲ. ಕೆನಡಾದಲ್ಲಿ 1977ರಲ್ಲಿಯೂ ಅಮೆರಿಕದಲ್ಲಿ 1979ರಲ್ಲಿಯೂ ನಿಷಿದ್ಧವಾದ ಪಿಸಿಬಿ ಎಂಬ ಕೈಗಾರಿಕಾ ವಿಷ ಇಂದಿಗೂ ಅವುಗಳ ಕೊಬ್ಬಿನಲ್ಲಿ ಸಂಚಿತವಾಗಿದ್ದು, ತಾಯಿಯ ಹಾಲಿನೊಡನೆ ಮರಿಗೆ, ವಿಶೇಷವಾಗಿ ಚೊಚ್ಚಲ ಮರಿಗೆ, ಇಳಿಯುತ್ತದೆ. ಹೊಟ್ಟೆ ತುಂಬಿದಾಗ ಈ ವಿಷ ಕೊಬ್ಬಿನಲ್ಲಿ ಅಡಗಿರುತ್ತದೆ. ಹಸಿದಾಗ ಕೊಬ್ಬು ಕರಗಿ ಅದು ರಕ್ತಕ್ಕೆ ಬೆರೆಯುತ್ತದೆ. ಹೀಗೆ ಒಂದು ಬಾಧೆ ಇನ್ನೊಂದನ್ನು ಉಲ್ಬಣಗೊಳಿಸುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಟಕರ್ ಎಂಬ ನಾಯಿಯನ್ನು ದೋಣಿಯ ಮೂತಿಯಲ್ಲಿ ನಿಲ್ಲಿಸಿಕೊಂಡು, ಅದರ ಘ್ರಾಣಶಕ್ತಿಯ ನೆರವಿನಿಂದ ಸಮುದ್ರದ ಮೇಲೆ ತೇಲುವ ಓರ್ಕಾಗಳ ಮಲವನ್ನು ಹುಡುಕಿ ಸಂಗ್ರಹಿಸಿ, ಅದರಲ್ಲಿಯ ರಾಸಾಯನಿಕಗಳಿಂದ ಗರ್ಭವನ್ನೂ ಹಸಿವನ್ನೂ ಪತ್ತೆಹಚ್ಚಿದರು. 2008ರಿಂದ 2014ರವರೆಗೆ ಹೀಗೆ ಗುರುತಿಸಿದ ಗರ್ಭಗಳಲ್ಲಿ ಶೇಕಡ 69ರಷ್ಟು ಫಲಿಸಲಿಲ್ಲ. ಅದಕ್ಕೆ ಮುಖ್ಯ ಕಾರಣ ಚಿನೂಕ್ ಮೀನಿನ ಅಭಾವವೆಂದು ಅವರು ನಿರ್ಣಯಿಸಿದರು.

ಇದಕ್ಕೆ ಪೋಷಕವಾದ ಮತ್ತೊಂದು ಸಾಕ್ಷ್ಯವೂ ಉಂಟು. ಸೀಲುಗಳಿಗೆ 1970ರ ದಶಕದಲ್ಲಿ ರಕ್ಷಣೆ ದೊರೆತು ಅವು ಹೆಚ್ಚಿದುವು. ಅವನ್ನು ತಿನ್ನುವ ಸಂಚಾರಿ ಓರ್ಕಾಗಳು ಅದೇ ಗದ್ದಲದ ನೀರಿನಲ್ಲಿ, ಅದೇ ವಿಷವನ್ನು ಇನ್ನೂ ಅಧಿಕವಾಗಿ ಮೈಯಲ್ಲಿ ಹೊತ್ತೂ, ಇಂದು ಮುನ್ನೂರಕ್ಕೂ ಮೇಲ್ಪಟ್ಟಿವೆ. ಆಹಾರ ಮರಳಿದಲ್ಲಿ ಓರ್ಕಾ ಮರಳಿದೆ.

ಇನ್ನು ಶಬ್ದದ ವಿಚಾರ. ಮಬ್ಬು ನೀರಿನಲ್ಲಿ ಓರ್ಕಾ ಕಿವಿಯಿಂದ ಕಾಣುತ್ತದೆ. ತಾನು ಹೊರಡಿಸಿದ ಧ್ವನಿ ಮೀನಿಗೆ ತಾಗಿ ಮರಳುವ ಪ್ರತಿಧ್ವನಿಯೇ ಅದರ ದೃಷ್ಟಿ. ಹಡಗುಗಳ ಗದ್ದಲ ಆ ದೃಷ್ಟಿಗೆ ಕವಿದ ಮಂಜು. ಸ್ಯಾನ್ ಹ್ವಾನ್ ದ್ವೀಪಗಳ ಪಕ್ಕದ ಹ್ಯಾರೋ ಜಲಸಂಧಿಯ ನಡುವೆ ಎರಡು ರಾಷ್ಟ್ರಗಳ ಗಡಿ ಸಾಗಿದೆ. ಓರ್ಕಾಗಳು ಅದನ್ನು ಒಂದೇ ದಿನದಲ್ಲಿ ಹಲವು ಸಲ ದಾಟುತ್ತವೆ, ದಾಟಿದೊಡನೆ ಅವುಗಳ ಮೇಲಣ ಕಾನೂನು ಬದಲಾಗುತ್ತದೆ. ಅಮೆರಿಕ 2011ರಲ್ಲಿ ದೋಣಿಗಳು 200 ಗಜ ದೂರವಿರಬೇಕೆಂದಿತು. ಕೆನಡಾ 2019ರಲ್ಲಿ 400 ಮೀಟರ್ ಎಂದಿತು. ವಾಷಿಂಗ್ಟನ್ ರಾಜ್ಯ 2025ರ ಜನವರಿಯಿಂದ ಸಾವಿರ ಗಜವೆಂದು ವಿಧಿಸಿದೆ. ವ್ಯಾಂಕೂವರ್ ಬಂದರಿನ ಆಡಳಿತ 2017ರಿಂದ ವಾಣಿಜ್ಯ ನೌಕೆಗಳು ಈ ಜಲಸಂಧಿಯಲ್ಲಿ ಸ್ವಇಚ್ಛೆಯಿಂದ ವೇಗ ತಗ್ಗಿಸುವ ವ್ಯವಸ್ಥೆ ಮಾಡಿತು. ಬಹುಪಾಲು ನೌಕೆಗಳು ಅದಕ್ಕೆ ಒಡಂಬಟ್ಟುವು, ಶಬ್ದ ನಿಜವಾಗಿಯೂ ತಗ್ಗಿತು. ಇವೆಲ್ಲ ಸ್ತುತ್ಯವಾದ ಕಾರ್ಯಗಳು.

ಆದರೆ ಅದೇ ಕೆನಡಾ ಸರ್ಕಾರ 2018ರಲ್ಲಿ ತಿಮಿಂಗಿಲಗಳ ರಕ್ಷಣೆಗೆ 16 ಕೋಟಿ 74 ಲಕ್ಷ ಡಾಲರುಗಳನ್ನು ಮೀಸಲಿಟ್ಟ ವರ್ಷದಲ್ಲಿಯೇ ಟ್ರಾನ್ಸ್ ಮೌಂಟನ್ ಎಂಬ ತೈಲದ ಕೊಳವೆಮಾರ್ಗವನ್ನು 450 ಕೋಟಿ ಡಾಲರುಗಳಿಗೆ ಖರೀದಿಸಿತು. ಆ ಮಾರ್ಗದ ವಿಸ್ತರಣೆಯಿಂದ ಈ ಸಮುದ್ರದಲ್ಲಿ ಸಾಗುವ ತೈಲನೌಕೆಗಳು ತಿಂಗಳಿಗೆ ಸುಮಾರು ಐದರಿಂದ ಮೂವತ್ತನಾಲ್ಕರವರೆಗೆ ಏರಬಹುದೆಂಬುದು ಯೋಜನೆಯದೇ ಲೆಕ್ಕ. ನೌಕಾಸಂಚಾರದಿಂದ ಓರ್ಕಾಗಳಿಗೆ ಆಗುವ ಬಾಧೆಯನ್ನು ಪರಿಶೀಲನೆಯಿಂದ ಹೊರಗಿಟ್ಟುದು ತಪ್ಪೆಂದು ಆ ವರ್ಷದ ಆಗಸ್ಟಿನಲ್ಲಿ ನ್ಯಾಯಾಲಯ ಯೋಜನೆಯ ಅನುಮತಿಯನ್ನು ರದ್ದುಗೊಳಿಸಿತು. ಮರುವರ್ಷ, ಬಾಧೆಯುಂಟೆಂದು ಒಪ್ಪಿಕೊಂಡೇ, ಸರ್ಕಾರ ಮತ್ತೆ ಅನುಮತಿಯನ್ನಿತ್ತಿತು. 2024ರ ಮೇ ತಿಂಗಳಿಂದ ವಿಸ್ತರಿಸಿದ ಮಾರ್ಗದಲ್ಲಿ ತೈಲ ಹರಿಯುತ್ತಿದೆ. ಪಾಲಕನೂ ವರ್ತಕನೂ ಒಬ್ಬನೇ ಆದಾಗ ಯಾವ ಧರ್ಮ ಮೇಲುಗೈಯಾಗುವುದೆಂಬುದನ್ನು ಇದರಲ್ಲಿ ಕಾಣಬಹುದು.

ಒಂದೊಂದು ಜೀವವನ್ನು ಉಳಿಸಲು ಅಲ್ಲಿಯ ಅಧಿಕಾರಿಗಳು ಪಟ್ಟ ಶ್ರಮವನ್ನು ನಾನು ಗೌರವದಿಂದ ನೆನೆಯುತ್ತೇನೆ. ಉತ್ತರದ ನಿವಾಸಿಗಳೆಂಬ ಬೇರೊಂದು ಸಮೂಹಕ್ಕೆ ಸೇರಿದ ಸ್ಪ್ರಿಂಗರ್ ಎಂಬ ಅನಾಥ ಮರಿ 2002ರಲ್ಲಿ ಸಿಯಾಟಲ್ ಬಳಿ ಒಂಟಿಯಾಗಿ ಕಾಣಿಸಿಕೊಂಡಾಗ, ಎರಡು ಸರ್ಕಾರಗಳೂ ಕೂಡಿ ಅದನ್ನು ಶುಶ್ರೂಷೆಮಾಡಿ, ದೋಣಿಯಲ್ಲಿ ಉತ್ತರಕ್ಕೆ ಒಯ್ದು ಬಂಧುಗಳ ನೀರಿನಲ್ಲಿ ಬಿಟ್ಟುವು. ಅದು ತನ್ನವರನ್ನು ಸೇರಿಕೊಂಡು, ಬೆಳೆದು, 2013ರಲ್ಲಿ ತಾಯಿಯಾಯಿತು. ಎಲ್ಲ ಯತ್ನಗಳೂ ಹೀಗೆ ಫಲಿಸಲಿಲ್ಲ. 2016ರಲ್ಲಿ ಎಲ್ 95 ಎಂಬ ಗಂಡಿನ ರೆಕ್ಕೆಗೆ ಸರ್ಕಾರಿ ಸಂಶೋಧಕರು ಉಪಗ್ರಹಸೂಚಕವನ್ನು ಚುಚ್ಚಿದ ಕೆಲವು ವಾರಗಳಲ್ಲಿ ಅದು ಸೋಂಕಿನಿಂದ ಸತ್ತಿತು. ಇಲಾಖೆ ದೋಷವನ್ನು ಮರೆಮಾಡದೆ ಆ ಕ್ರಮವನ್ನೇ ನಿಲ್ಲಿಸಿತು. 2018ರಲ್ಲಿ ಸ್ಕಾರ್ಲೆಟ್ ಎಂಬ ಮೂರೂವರೆ ವರ್ಷದ ಹೆಣ್ಣುಮರಿ ಕೃಶವಾಗುತ್ತ ಬಂದಾಗ ದೂರದಿಂದ ಔಷಧದ ಸೂಜಿಯನ್ನು ಎಸೆದರು, ಲಮ್ಮಿ ಜನರ ದೋಣಿಯಿಂದ ಜೀವಂತ ಸಾಲ್ಮನ್ನುಗಳನ್ನು ಅದರ ಮುಂದೆ ಬಿಟ್ಟು ನೋಡಿದರು. ಸೆಪ್ಟೆಂಬರಿನಲ್ಲಿ ಅದು ಕಣ್ಮರೆಯಾಯಿತು.

ಆ ವರ್ಷದ ಜುಲೈ 24ರಂದೇ ಟಾಲೆಕ್ವಾ ಎಂಬ ಹೆಣ್ಣು ಹೆತ್ತ ಮರಿ ಅರ್ಧ ಗಂಟೆಯೂ ಬದುಕಿ ಉಳಿಯದೆ ಸತ್ತಿತ್ತು. ತಾಯಿ ಆ ಶವವನ್ನು ಮುಳುಗಗೊಡದೆ, ತಲೆಯ ಮೇಲೆ ಹೊತ್ತು, ಜಾರಿದಾಗಲೆಲ್ಲ ಆಳಕ್ಕೆ ಧುಮುಕಿ ಮೇಲಕ್ಕೆತ್ತಿಕೊಂಡು, ಹದಿನೇಳು ದಿನ, ಸಾವಿರದ ಆರುನೂರು ಕಿಲೋಮೀಟರುಗಳಷ್ಟು ದೂರ ಈಜಿದಳು. ಅದು ಶೋಕವೆಂದು ಹೇಳಲು ನನಗೆ ಸಂಕೋಚವಿಲ್ಲ. ಲೋಕವೆಲ್ಲ ನೋಡುತ್ತಿತ್ತು. ಆ ವರ್ಷದ ಮಾರ್ಚಿಯಲ್ಲಿ ವಾಷಿಂಗ್ಟನ್ ರಾಜ್ಯಪಾಲ ಜೇ ಇನ್ಸ್ಲೀ ನೇಮಿಸಿದ್ದ ಕಾರ್ಯಪಡೆ ನವೆಂಬರಿನಲ್ಲಿ 36 ಶಿಫಾರಸುಗಳನ್ನು ಸಲ್ಲಿಸಿತು. ಸಾಲ್ಮನ್ ಮರಿಶಾಲೆಗಳ ಉತ್ಪಾದನೆ ಹೆಚ್ಚಿತು, ದೋಣಿಗಳ ದೂರ ಹೆಚ್ಚಿತು, ಅನುದಾನ ಹೆಚ್ಚಿತು. ಯಾರೂ ದೊಡ್ಡ ಸ್ವತ್ತನ್ನು ಬಿಡಬೇಕಾಗಿಲ್ಲದ ಶಿಫಾರಸುಗಳು ಬೇಗ ಕಾರ್ಯಗತವಾದುವು.

ಉಳಿದುದು ನದಿಯ ಪ್ರಶ್ನೆ. ಸಾಲ್ಮನ್ ಹುಟ್ಟುವುದು ನದಿಯ ಮೇಲ್ಭಾಗದ ತಣ್ಣನೆಯ ಜಲ್ಲಿಯಲ್ಲಿ; ಕಡಲಿಗಿಳಿದು ಬೆಳೆದು, ಹುಟ್ಟಿದ ನೀರಿಗೇ ಮರಳಿ ಮೊಟ್ಟೆಯಿಟ್ಟು ಸಾಯುವುದು ಅದರ ಜೀವನಕ್ರಮ. ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಎಲ್ವಾ ನದಿಗೆ 1913ರಿಂದ ಅಡ್ಡಲಾಗಿ ನಿಂತಿದ್ದ ಕಟ್ಟೆಯನ್ನೂ 1927ರ ಎರಡನೆಯ ಕಟ್ಟೆಯನ್ನೂ, ಮೂಲನಿವಾಸಿ ಕ್ಲಾಲಂ ಜನರ ದೀರ್ಘಕಾಲದ ಆಗ್ರಹಕ್ಕೆ ಮಣಿದು, ಸಂಯುಕ್ತ ಸರ್ಕಾರ 1992ರ ಶಾಸನದ ಮೇರೆಗೆ 2011ರಿಂದ 2014ರವರೆಗಿನ ಅವಧಿಯಲ್ಲಿ ಕಿತ್ತು ತೆಗೆಯಿತು. ನೂರು ವರ್ಷ ಸೆರೆಯಾಗಿದ್ದ ಮಣ್ಣು ಮರಳು ಕಡಲಿಗೆ ಹರಿದು ಹೊಸ ದಂಡೆಗಳನ್ನು ಕಟ್ಟಿತು. ಸಾಲ್ಮನ್ನುಗಳು ಕಟ್ಟೆಯಿದ್ದ ಸ್ಥಳವನ್ನು ದಾಟಿ ಮೇಲಕ್ಕೇರಿದುವು. ಹೀಗೆ ಆಗುವುದೆಂಬುದನ್ನು ಸರ್ಕಾರವೇ ತನ್ನ ಕೈಯಾರೆ ಮಾಡಿ ತೋರಿಸಿದ ಮೇಲೆ, ಇದಕ್ಕಿಂತ ಬಹುಪಟ್ಟು ವಿಶಾಲವಾದ ಸ್ನೇಕ್ ನದಿಯ ಕೆಳಭಾಗದ ನಾಲ್ಕು ಅಣೆಕಟ್ಟುಗಳ ಮಾತು ತಾನಾಗಿಯೇ ಏಳುತ್ತದೆ. 1975ರ ವೇಳೆಗೆ ಪೂರ್ಣಗೊಂಡ ಅವು ವಿದ್ಯುತ್ತನ್ನು ಕೊಡುತ್ತವೆ, ಐಡಹೊ ರಾಜ್ಯದ ಗೋಧಿಯನ್ನು ದೋಣಿಗಳಲ್ಲಿ ಸಾಗಿಸಲು ಅನುವುಮಾಡುತ್ತವೆ; ಆ ರೈತರ ಚಿಂತೆ ಉಪೇಕ್ಷಿಸತಕ್ಕದ್ದಲ್ಲ. 2023ರ ಡಿಸೆಂಬರಿನಲ್ಲಿ ಸಂಯುಕ್ತ ಸರ್ಕಾರ ಮೂಲನಿವಾಸಿ ಜನಾಂಗಗಳೊಡನೆಯೂ ಎರಡು ರಾಜ್ಯಗಳೊಡನೆಯೂ ಒಪ್ಪಂದ ಮಾಡಿಕೊಂಡು, ಅಣೆಕಟ್ಟುಗಳ ಪ್ರಯೋಜನಗಳಿಗೆ ಬದಲಿ ಏರ್ಪಾಡುಗಳನ್ನು ಹುಡುಕಲು ಸಮ್ಮತಿಸಿತ್ತು. 2025ರ ಜೂನಿನಲ್ಲಿ ಹೊಸ ಅಧ್ಯಕ್ಷರ ಆಜ್ಞೆಯಿಂದ ಆ ಒಪ್ಪಂದದಿಂದ ಅದು ಹಿಂದೆ ಸರಿಯಿತು.

ನನ್ನ ತೀರ್ಮಾನವನ್ನು ಮರೆಮಾಚದೆ ಹೇಳುತ್ತೇನೆ. ಈ ಐವತ್ತು ವರ್ಷಗಳ ರಾಜ್ಯಪ್ರಯತ್ನ ಓರ್ಕಾವನ್ನು ಮನುಷ್ಯನ ಕೈಯಿಂದ ರಕ್ಷಿಸಿತು, ಹಸಿವಿನಿಂದ ರಕ್ಷಿಸಲಿಲ್ಲ. ನಿಷೇಧದ ಕಾನೂನುಗಳು ಇತರರನ್ನು ತಡೆದುವು. ನದಿಯನ್ನೂ ನೌಕಾಮಾರ್ಗವನ್ನೂ ಬಿಟ್ಟುಕೊಡಬೇಕಾದ ಕಾನೂನು ಸರ್ಕಾರಗಳನ್ನೇ ತಡೆಯಬೇಕಾಗಿತ್ತು, ಅಲ್ಲಿ ಅವು ನ್ಯಾಯಾಲಯ ನೂಕಿದಷ್ಟು ದೂರ ಮಾತ್ರ ನಡೆದುವು. ಎಲ್ವಾದಲ್ಲಿ ಒಮ್ಮೆ ತೋರಿದ ಧೈರ್ಯವನ್ನು ಸ್ನೇಕ್ ನದಿಯಲ್ಲಿಯೂ ತೋರಬೇಕು. ರೈತರಿಗೆ ರೈಲುಮಾರ್ಗವನ್ನೂ ಊರುಗಳಿಗೆ ಬದಲಿ ವಿದ್ಯುತ್ತನ್ನೂ ಮೊದಲು ಒದಗಿಸಿಯೇ ತೋರಬೇಕು. ಫಲ ಬರಲು ಮೀನಿನ ಹಲವು ತಲೆಮಾರುಗಳು ಬೇಕಾಗುವುದರಿಂದ ಇದು ಇಂದೇ ಆಗಬೇಕಾದ ಕೆಲಸ.

ಟಾಲೆಕ್ವಾಗೆ 2020ರ ಸೆಪ್ಟೆಂಬರಿನಲ್ಲಿ ಒಂದು ಗಂಡುಮರಿ ಹುಟ್ಟಿ ಬದುಕಿತು. 2024ರ ಡಿಸೆಂಬರಿನಲ್ಲಿ ಒಂದು ಹೆಣ್ಣುಮರಿ ಹುಟ್ಟಿ, ವರ್ಷ ತಿರುಗುವ ಹೊತ್ತಿಗೆ ಸತ್ತಿತು. 2025ರ ಹೊಸವರ್ಷದಲ್ಲಿ ಅವಳು ಮತ್ತೊಮ್ಮೆ ಶವವನ್ನು ಹೊತ್ತು ಈಜುತ್ತಿದ್ದುದನ್ನು ಕಂಡರು. ಪ್ರತಿವರ್ಷ ಜುಲೈ 1ರಂದು ಇದ್ದಂತೆ ದಕ್ಷಿಣ ನಿವಾಸಿಗಳ ಗಣತಿಯನ್ನು ಸ್ಯಾನ್ ಹ್ವಾನ್ ದ್ವೀಪದ ಸಂಶೋಧನಾ ಕೇಂದ್ರ ಪ್ರಕಟಿಸುತ್ತದೆ. ಸಭೆಯಲ್ಲಿರುವ ತರುಣರು ಅದನ್ನು ಪ್ರತಿವರ್ಷವೂ ತಪ್ಪದೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಎಣಿಕೆ ಮೊದಲಾದಾಗ ಸುಮಾರು 71 ಇದ್ದ ಈ ಓರ್ಕಾಗಳು 2024ರ ಜುಲೈ 1ರಂದು 73 ಇದ್ದುವು.